ಸಹಾಯ ಬೇಕು: ಡಿವೋರ್ಸ್ ನಡೆಯುವಾಗಲೇ ವಿಲ್ ಬದಲಾಯಿಸಿದವರು ಇದ್ದೀರಾ?

ನಮಸ್ಕಾರ. ನಮ್ಮ ಅಕ್ಕನ ಡಿವೋರ್ಸ್ ಕೇಸ್ ನಡೆಯುತ್ತಿದೆ. ಇಬ್ಬರೂ ಬೇರೆ ಇದ್ದು ಎರಡು ವರ್ಷ ಆಯಿತು, ತೀರ್ಪು ಬಂದಿಲ್ಲ. ಬೇರೆ ಇದ್ದ ಮಾತ್ರಕ್ಕೆ ಮದುವೆ ಮುಗಿಯುವುದಿಲ್ಲ ಅಲ್ವಾ, ಕಾನೂನಿಗೆ ಅವರಿನ್ನೂ ಗಂಡ ಹೆಂಡತಿಯೇ, ಈ ನಡುವೆ ಅವಳಿಗೇನಾದರೂ ಆದರೆ, ವಿಲ್ ಇಲ್ಲದಿದ್ದರೆ ಭಾವನಿಗೂ ಪಾಲು ಹೋಗಬಹುದು.

ಅಕ್ಕನ ವಿಲ್ ಇದೆ, ಆದರೆ ಹಳೆಯದು, ಎಲ್ಲ ಭಾವನ ಹೆಸರಿಗೇ ಇದೆ. ಇನ್ಶೂರೆನ್ಸ್, ಬ್ಯಾಂಕ್ ಖಾತೆ, ಪೆನ್ಷನ್‌ಗೂ ಅವರೇ ನಾಮಿನಿ. ಹೊಸ ವಿಲ್ ಬರೆದರೂ ನಾಮಿನಿ ಹೆಸರು ತಾನಾಗಿ ಬದಲಾಗುವುದಿಲ್ಲ, ಒಂದೊಂದಕ್ಕೂ ಬೇರೆ ಫಾರಂ ಕೊಡಬೇಕು. ಜೊತೆಗೆ ಜಂಟಿ ಸಾಲ ಬೇರೆ. ಯಾರು ಕಟ್ಟಬೇಕೆಂದು ಅವರಿಬ್ಬರು ಒಪ್ಪಿಕೊಂಡರೂ ಬ್ಯಾಂಕ್ ಇಬ್ಬರನ್ನೂ ಕೇಳಬಹುದು, ಇದೇ ನನಗೆ ಜಾಸ್ತಿ ಭಯ.

ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ. ಡಿವೋರ್ಸ್ ವಕೀಲರೇ ವಿಲ್ ಕೆಲಸವನ್ನೂ ಮಾಡಿಕೊಟ್ಟರಾ, ಬೇರೆಯವರನ್ನು ಹಿಡಿದಿರಾ? ಕೇಸ್ ನಡೆಯುವಾಗ ಏನನ್ನು ಮುಟ್ಟಬಾರದು ಅಂತ ವಕೀಲರು ಹೇಳಿದರು? ಅಕ್ಕನ ಮಗಳಿಗೆ ಒಂಬತ್ತು ವರ್ಷ. ಇಂಥ ಚಿಕ್ಕ ಮಕ್ಕಳ ಪಾಲಿನ ಹಣ ನೋಡಿಕೊಳ್ಳಲು ನೀವು ಯಾರನ್ನು ನೇಮಿಸಿದಿರಿ, ಹೇಗೆ ಬರೆಸಿದಿರಿ? ಇದೊಂದು ಮೊದಲು ಸರಿಯಾದರೆ ಅಕ್ಕ ರಾತ್ರಿ ನಿದ್ದೆ ಮಾಡುತ್ತಾಳೆ.