ಸಹಾಯ ಬೇಕು: ಗುದ್ದಿದ ಕಬ್ಬಿನ ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿಯವನು. ಕಳೆದ ವಾರ ರಾತ್ರಿ ಮುಧೋಳದಿಂದ ಬರುವಾಗ, ಹೊಲದ ದಾರಿಯಿಂದ ಕಬ್ಬಿನ ಟ್ರ್ಯಾಕ್ಟರ್ ಒಂದು ದಿಢೀರ್ ಅಂತ ರಸ್ತೆಗೆ ನುಗ್ಗಿ ನಮ್ಮ ಕಾರಿಗೆ ಗುದ್ದಿತು. ಟ್ರೇಲರ್‌ಗೆ ರಿಫ್ಲೆಕ್ಟರ್ ಕೂಡ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಪ್ಪನ ಬಲಗಾಲು ಮುರಿದಿದೆ. ರಾಡ್ ಹಾಕಿದ್ದಾರೆ. ಇಲ್ಲಿಯವರೆಗೆ 1,80,000 ರೂಪಾಯಿ ಖರ್ಚಾಗಿದೆ.

ಎಫ್‌ಐಆರ್ ಆಗಿದೆ. ಆಗಲೇ ಗೊತ್ತಾಗಿದ್ದು, ಟ್ರ್ಯಾಕ್ಟರ್‌ನ ಇನ್ಶೂರೆನ್ಸ್ ಮುಗಿದು ವರ್ಷವಾಗಿದೆ ಅಂತ. ನಮ್ಮ ಕಾರಿಗೆ ಇರುವುದು ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಕೊಡುವಂಥದ್ದು) ಮಾತ್ರ, ಹಾಗಾಗಿ ಕಾರಿನ ರಿಪೇರಿ ಹಣ ನಮ್ಮ ಕಂಪನಿಯಿಂದ ಬರುವುದಿಲ್ಲ. ದಯವಿಟ್ಟು ನೀವೂ ನಿಮ್ಮ ಪಾಲಿಸಿ ಒಮ್ಮೆ ತೆಗೆದು ನೋಡಿ.

ಥರ್ಡ್ ಪಾರ್ಟಿ ಇನ್ಶೂರೆನ್ಸ್ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಕಡ್ಡಾಯ. ಅದು ಇಲ್ಲದಿದ್ದರೆ ಪರಿಹಾರ ಮಾಲೀಕ, ಚಾಲಕರ ಕೈಯಿಂದಲೇ ಬರಬೇಕು. 2019ರ ತಿದ್ದುಪಡಿಯಂತೆ ಕ್ಲೇಮ್ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕು. ಇಷ್ಟು ತಿಳಿದುಕೊಂಡಿದ್ದೇನೆ.

ಈಗ ಮಾಲೀಕರು ಊರಿನ ಹಿರಿಯರನ್ನು ಕರೆತಂದು, "ನಲವತ್ತು ಸಾವಿರ ಕೊಡ್ತೇವ್ರಿ, ಕಾಗದಕ್ಕೆ ಸಹಿ ಮಾಡ್ರಿ, ಕೋರ್ಟ್ ಗೀರ್ಟ್ ಬ್ಯಾಡ" ಅನ್ನುತ್ತಿದ್ದಾರೆ. ಅಪ್ಪನಿಗೆ ಹಿರಿಯರ ಮಾತು ಮೀರಲು ಮನಸ್ಸಿಲ್ಲ. ನನಗೆ ಭಯ. ಸಹಿ ಮಾಡಿದರೆ ಮುಂದೆ ಕ್ಲೇಮಿಗೆ ತೊಂದರೆಯಾಗುತ್ತದೆ ಅಲ್ವಾ?

ಇಂಥ ಕೇಸಿನಲ್ಲಿ ಮಾಲೀಕರಿಂದಲೇ ಹಣ ವಸೂಲಿ ಮಾಡಿದವರು ಇದ್ದೀರಾ? ಎಷ್ಟು ದಿನ ಹಿಡಿಯಿತು? ಟ್ರ್ಯಾಕ್ಟರ್ ಇನ್ನೂ ಠಾಣೆಯಲ್ಲೇ ಇದೆ. ಅದನ್ನು ಬಿಡಿಸಿಕೊಳ್ಳುವ ಮೊದಲೇ ನಾವು ಏನಾದರೂ ಅರ್ಜಿ ಹಾಕಬೇಕಾ? ಬಾಗಲಕೋಟೆ, ಜಮಖಂಡಿ ಕಡೆ ಅಪಘಾತ ಕೇಸು ನಡೆಸುವ ಒಳ್ಳೆಯ ವಕೀಲರು ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ತಿಳಿಸಿ. ಹಿರಿಯರು ಸೋಮವಾರ ಮತ್ತೆ ಬರುತ್ತಾರೆ.