ಖಿನ್ನತೆಗೆ ಮೊದಲು ಯಾರನ್ನು ಕಾಣಬೇಕು?

ಪ್ರಶ್ನೆ (ಸುರತ್ಕಲ್‌ನ ಮಹಿಳೆ): ಡಾಕ್ಟರೇ, ನನಗೆ 34 ವರ್ಷ, ಮಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಮೂರು ತಿಂಗಳಿಂದ ನಸುಕಿನ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಈಗ ಬೇಡವೆನಿಸುತ್ತದೆ. ಅತ್ತೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ಹೇಳಿದ ಪರಿಹಾರವನ್ನೂ ಮಾಡಿಸಿದರು. ಬಳಿಕ ನಾನು ಕಂಡ ಆಪ್ತಸಮಾಲೋಚಕರೊಬ್ಬರು ಮುಕ್ಕಾಲು ಗಂಟೆ ಧೈರ್ಯ ಹೇಳಿ ಕಳುಹಿಸಿದರು. ಮಾತಿನ ಮೂಲಕ ಚಿಕಿತ್ಸೆ ನೀಡುವ ಒಳ್ಳೆಯ ಥೆರಪಿಸ್ಟರನ್ನು ಗುರುತಿಸುವುದು ಹೇಗೆ? ಮನೋವೈದ್ಯರಲ್ಲಿಗೆ ಹೋದರೆ ಮಾತ್ರೆ ಅಭ್ಯಾಸವಾಗಿಬಿಡುತ್ತದೆಯೇ?

ಉತ್ತರ (ಮನೋವೈದ್ಯರು, ಉಡುಪಿ): ಇಂತಹ ಲಕ್ಷಣಗಳು ಎರಡು ವಾರ ಬಿಡದೆ ಉಳಿದರೆ ಖಿನ್ನತೆಯಿರಬಹುದೇ ಎಂದು ನಾವು ಪರೀಕ್ಷಿಸುತ್ತೇವೆ. ನೀವು ಮೂರು ತಿಂಗಳು ತಡೆದಿದ್ದೀರಿ. ಆದ್ದರಿಂದ ಥೆರಪಿಸ್ಟರು ಸಿಗಲಿ ಎಂದು ಕಾಯದೆ ಮೊದಲು ಮನೋವೈದ್ಯರನ್ನೇ ಕಾಣಿರಿ. ಥೈರಾಯ್ಡ್ ಕೊರತೆ, ರಕ್ತಹೀನತೆಗಳೂ ಹೀಗೆಯೇ ಉತ್ಸಾಹವನ್ನು ಕುಗ್ಗಿಸುವುದರಿಂದ ರಕ್ತಪರೀಕ್ಷೆ ಅಗತ್ಯವಾಗಬಹುದು. ನಿಮಗೆ ಹತ್ತಿರದಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆಯೂ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯೂ ಇವೆ; ಉಡುಪಿ ಕಡೆಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆಗಳಿವೆ.

ಅಭ್ಯಾಸವಾಗುವ ಭಯ ಕೆಲವು ನಿದ್ರೆಮಾತ್ರೆಗಳ ವಿಷಯದಲ್ಲಿ ನಿಜ. ಖಿನ್ನತೆಯ ಮಾತ್ರೆಗಳು ಆ ಬಗೆಯ ಚಟ ಹಿಡಿಸುವುದಿಲ್ಲ. ಆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬೇಕು, ಚೇತರಿಸಿಕೊಂಡ ಬಳಿಕವೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ತಾವಾಗಿಯೇ ಥಟ್ಟನೆ ನಿಲ್ಲಿಸಿದವರು ತಲೆಸುತ್ತು, ಚಡಪಡಿಕೆ ಎಂದು ಮರಳಿ ಬರುವುದನ್ನು ನಾನು ಆಗಾಗ ನೋಡುತ್ತೇನೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಸೌಮ್ಯ ಖಿನ್ನತೆಗೆ ಥೆರಪಿಯೊಂದೇ ಸಾಕಾಗಬಹುದು.

ಥೆರಪಿಸ್ಟ್ ಎಂಬ ಫಲಕ ನೋಡಿ ಏನನ್ನೂ ನಿರ್ಧರಿಸಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸೆಯ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಆದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ನೋಂದಣಿ ಸಂಖ್ಯೆ ಕೇಳುವುದು ಅವಮರ್ಯಾದೆಯಲ್ಲ. ಖಿನ್ನತೆಗೆ ಯಾವ ವಿಧಾನ ಅನುಸರಿಸುತ್ತೀರಿ, ಸುಮಾರು ಎಷ್ಟು ಭೇಟಿ ಬೇಕು ಎಂದು ಕೇಳಿರಿ. ಯೋಚನೆ ಮತ್ತು ನಡವಳಿಕೆಯನ್ನು ಒಟ್ಟಿಗೆ ತಿದ್ದುವ ಸಿ.ಬಿ.ಟಿ. ಎಂಬ ವಿಧಾನಕ್ಕೆ ಹನ್ನೆರಡರಿಂದ ಇಪ್ಪತ್ತು ಭೇಟಿಗಳಾಗುವುದುಂಟು, ನಡುವೆ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳೂ ಇರುತ್ತವೆ. ಅವರೇ ಮಾತನಾಡಿ ನೀವು ಬರೀ ಕೇಳಿಸಿಕೊಂಡು ಬಂದರೆ ಅದು ಉಪದೇಶ. ಮೂರು ನಾಲ್ಕು ಭೇಟಿಯಾದರೂ ಮನಸ್ಸು ತೆರೆದುಕೊಳ್ಳದಿದ್ದರೆ ಬೇರೆಯವರನ್ನು ಸೂಚಿಸಲು ಅವರನ್ನೇ ಕೇಳಬಹುದು.

ಭಾಷೆಯ ವಿಷಯವನ್ನೂ ಯೋಚಿಸಿ. ಇಂಗ್ಲಿಷಿನಲ್ಲಿ ಸರಾಗವಾಗಿ ರೋಗಲಕ್ಷಣ ವಿವರಿಸುತ್ತಿದ್ದ ಎಷ್ಟೋ ಮಂದಿ "ಮನಸ್ಸ್ ಸಮ ಇಜ್ಜಿ" (ಮನಸ್ಸು ಸರಿಯಿಲ್ಲ) ಎಂದು ತುಳುವಿಗೆ ಹೊರಳಿದ ಕ್ಷಣ ಅತ್ತಿದ್ದಾರೆ; ನಿಜವಾದ ಮಾತು ಶುರುವಾದದ್ದು ಅಲ್ಲಿಂದ. ಮನೆಮಾತು ತಿಳಿದವರು ಸಿಕ್ಕರೆ ಅವರನ್ನೇ ಆರಿಸಿ.

ಮರುಪ್ರಶ್ನೆ: ಹೇಳಿದ್ದು ಮನೆಯವರಿಗೆ ತಿಳಿಯುವುದೇ?

ಉತ್ತರ: 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಗೋಪ್ಯತೆಯನ್ನು ನಿಮ್ಮ ಹಕ್ಕೆಂದು ಹೇಳಿದೆ, ಜೀವಕ್ಕೆ ಅಪಾಯವಿರುವಂತಹ ಸಂದರ್ಭಗಳು ಇದಕ್ಕೆ ಹೊರತು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೀವು ಬರೆದಿಲ್ಲ, ನಾನು ಕೇಳಲೇಬೇಕು. ಬರುತ್ತಿದ್ದರೆ ಇಂದೇ ಮನೆಯ ಒಬ್ಬರಿಗೆ ತಿಳಿಸಿ, ಅವರೊಂದಿಗೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿರಿ. ಹಗಲಿರುಳು ಉಚಿತವಾಗಿ ಮಾತನಾಡಲು ಸರಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲಿಯೂ ಮಾತನಾಡಬಹುದು. ನಸುಕಿನ ಮೂರು ಗಂಟೆಗೂ.