ಪುಣೆಯಲ್ಲಿ ಐದು ತಿಂಗಳ ಮಗು: ಡೇಕೇರ್, ಪಾಳಣಾಘರ (ಮನೆಯಲ್ಲೇ ನಡೆಸುವ ಶಿಶುಪಾಲನಾ ಕೇಂದ್ರ), ಬಾಯಿ (ಕೆಲಸದಾಕೆ) ಅಥವಾ ಅತ್ತೆಯವರು, ಯಾವುದು ಎಷ್ಟಕ್ಕೆ ಬೀಳುತ್ತದೆ?

ಪ್ರಶ್ನೆ: ವಾಕಡ್ ನಿವಾಸಿ

ನಮಸ್ಕಾರ. ನಾವಿಬ್ಬರೂ ಧಾರವಾಡದವರು, ಆರು ವರ್ಷಗಳಿಂದ ಪುಣೆಯ ವಾಕಡ್‌ನಲ್ಲಿದ್ದೇವೆ. ನನ್ನ 26 ವಾರಗಳ ಹೆರಿಗೆ ರಜೆ ಮುಂದಿನ ತಿಂಗಳು ಮುಗಿಯುತ್ತದೆ. ಹೆರಿಗೆಗೆ ಮೂರು ವಾರ ಮೊದಲೇ ರಜೆ ಹಾಕಿದ್ದರಿಂದ, ಕೆಲಸಕ್ಕೆ ಮರಳುವ ದಿನ ಮಗಳಿಗೆ ಐದು ತಿಂಗಳು ತುಂಬಿ ಕೆಲವೇ ದಿನಗಳಾಗಿರುತ್ತವೆ. ನನ್ನ ಕಚೇರಿ ಹಿಂಜವಡಿಯ ಮೂರನೇ ಹಂತದಲ್ಲಿದೆ, ಯಜಮಾನರದು ಖರಾಡಿಯಲ್ಲಿ. ಇಬ್ಬರೂ ಸಂಜೆ ಏಳಕ್ಕೆ ಮೊದಲು ಮನೆ ಸೇರುವುದು ಕಡಿಮೆ.

ಮೂರು ವಾರ ಅಲೆದು ವಿಚಾರಿಸಿದಾಗ ತಿಳಿದ ದರಗಳು ಹೀಗಿವೆ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಎದುರಿಗಿರುವ, ಹಲವು ಶಾಖೆಗಳಿರುವ ಡೇಕೇರ್ ತಿಂಗಳಿಗೆ 14,500 ರೂಪಾಯಿ ಕೇಳುತ್ತದೆ. ಪ್ರವೇಶ ಶುಲ್ಕ 12,000 ರೂಪಾಯಿ ಮರಳಿ ಬರುವುದಿಲ್ಲ, ಒಂದು ತಿಂಗಳ ಠೇವಣಿ ಬರುತ್ತದೆ. ಸಂಜೆ ಆರೂವರೆ ದಾಟಿದರೆ ಅರ್ಧ ಗಂಟೆಗೆ 200 ರೂಪಾಯಿ ಹೆಚ್ಚುವರಿ. ಹಿಂದಿನ ಗಲ್ಲಿಯಲ್ಲಿ ಒಬ್ಬ ಕಾಕೂ (ಚಿಕ್ಕಮ್ಮ ಎಂದು ಕರೆಯುವ ಹಾಗೆ) ತಮ್ಮ ಮನೆಯಲ್ಲೇ ನಡೆಸುವ ಪಾಳಣಾಘರಕ್ಕೆ 7,500 ರೂಪಾಯಿ. ಆದರೆ ಅದು ಸಂಜೆ ಆರಕ್ಕೆ ಮುಚ್ಚುತ್ತದೆ, ಹಬ್ಬಹರಿದಿನಗಳಲ್ಲಿ ಹಾಗೂ ಅವರು ಊರಿಗೆ ಹೋದಾಗ ತೆರೆದಿರುವುದಿಲ್ಲ. ಮನೆಗೇ ಬಂದು ಹತ್ತು ಗಂಟೆ ಮಗುವನ್ನು ನೋಡಿಕೊಳ್ಳುವ ಬಾಯಿ 17,000 ರೂಪಾಯಿ ಹೇಳಿದ್ದಾರೆ, ದೀಪಾವಳಿಗೆ ಒಂದು ತಿಂಗಳ ಸಂಬಳ ಬೋನಸ್. ನಾಲ್ಕನೆಯ ದಾರಿ, ನಮ್ಮ ಅತ್ತೆಯವರು ಧಾರವಾಡದಿಂದ ಬರುವುದು. ಅದಕ್ಕೆ ಖರ್ಚೇ ಇಲ್ಲ.

ನನ್ನ ಕೈಗೆ ಬರುವುದು 62,000 ರೂಪಾಯಿ. ಅದರಲ್ಲಿ ಇದನ್ನೆಲ್ಲ ಕಳೆದರೆ ಉಳಿಯುವುದೆಷ್ಟು ಎಂದು ಪ್ರತಿ ರಾತ್ರಿ ಲೆಕ್ಕ ಹಾಕುತ್ತಿದ್ದೇನೆ. ಅನುಭವಿಗಳು ದಾರಿ ತೋರಿಸಬೇಕು.

ಉತ್ತರ 1: ಪಿಂಪಳೆ ಸೌದಾಗರದಿಂದ

ನನ್ನ ಮಗನನ್ನು ಎಂಟನೆಯ ತಿಂಗಳಿಗೆ ಡೇಕೇರ್‌ಗೆ ಸೇರಿಸಿದ್ದೆವು. ಶುಲ್ಕಪಟ್ಟಿಯಲ್ಲಿ ಕಾಣದ ಒಂದು ವೆಚ್ಚವಿದೆ: ಮೊದಲ ಮೂರು ತಿಂಗಳ ನೆಗಡಿ, ಕೆಮ್ಮು, ಜ್ವರ. ಎರಡನೆಯ ತಿಂಗಳಲ್ಲಿ ಮಗ ಅಲ್ಲಿಗೆ ಹೋದದ್ದು ಹನ್ನೊಂದೇ ದಿನ. ಶುಲ್ಕ ಮಾತ್ರ ಪೂರ್ತಿ ಕಟ್ಟಿದೆವು, ಮೇಲೆ ಮಕ್ಕಳ ವೈದ್ಯರಿಗೆ ನಾಲ್ಕು ಭೇಟಿ, ನಮ್ಮಿಬ್ಬರ ಹರಿದು ಹಂಚಿದ ರಜೆಗಳು. ಜ್ವರ ಬಂದ ಮಗುವನ್ನು 24 ಗಂಟೆ ತರಬೇಡಿ ಎಂಬ ಅವರ ನಿಯಮ ಸರಿಯೇ ಆದರೂ, ಬೆಳಿಗ್ಗೆ ಎಂಟಕ್ಕೆ ಥರ್ಮಾಮೀಟರ್ ಹಿಡಿದು ನಿಂತಾಗ ಅದು ಸರಿ ಎನಿಸುವುದಿಲ್ಲ. ಆದ್ದರಿಂದ ಸೇರಿಸುವ ಮೊದಲು ಎರಡು ವಿಷಯಗಳನ್ನು ಲಿಖಿತವಾಗಿ ಕೇಳಿಕೊಳ್ಳಿ: ಮಗು ಹದಿನೈದು ದಿನಕ್ಕಿಂತ ಹೆಚ್ಚು ಗೈರಾದರೆ ಶುಲ್ಕದಲ್ಲಿ ಕಡಿತವಿದೆಯೇ, ಬಿಡಿಸಿಕೊಳ್ಳಬೇಕೆಂದರೆ ಎಷ್ಟು ದಿನ ಮೊದಲು ತಿಳಿಸಬೇಕು. ನಮ್ಮ ಠೇವಣಿ ಹೋದದ್ದು ಈ ಎರಡನೆಯದನ್ನು ಕೇಳದೆ ಇದ್ದುದರಿಂದ.

ಉತ್ತರ 2: ಡೊಂಬಿವಲಿ ಫಾಸ್ಟ್

ನೀವು ತಿಂಗಳ ದರವನ್ನು ಹೋಲಿಸುತ್ತಿದ್ದೀರಿ. ವರ್ಷದ ಲೆಕ್ಕ ಹಾಕಿ, ಅದರಲ್ಲಿ ವ್ಯವಸ್ಥೆ ಕೈಕೊಡುವ ದಿನಗಳನ್ನೂ ಸೇರಿಸಿ. ನಮ್ಮ ಎರಡು ಮಕ್ಕಳೂ ಇಲ್ಲಿ ಮುಂಬೈ ಬಳಿಯ ಡೊಂಬಿವಲಿಯ ಪಾಳಣಾಘರದಲ್ಲೇ ಬೆಳೆದವರು. ಜುಲೈ ಮಳೆಯಲ್ಲಿ ಸೆಂಟ್ರಲ್ ಲೈನ್‌ನ ಲೋಕಲ್ ರೈಲುಗಳು ನಿಂತ ಸಂಜೆಗಳಲ್ಲಿ ನಾನು ಕುರ್ಲಾದಲ್ಲಿ ರೈಲಿನೊಳಗೆ ನಿಂತುಕೊಂಡೇ ಈ ಪಾಠ ಕಲಿತೆ.

ನಿಮ್ಮದೇ ಅಂಕಿಗಳನ್ನು ತೆಗೆದುಕೊಳ್ಳೋಣ. ಡೇಕೇರ್‌ಗೆ ಹನ್ನೆರಡು ತಿಂಗಳಿಗೆ 1,74,000 ರೂಪಾಯಿ, ಪ್ರವೇಶಕ್ಕೆ 12,000, ವಾರಕ್ಕೆ ಎರಡು ಬಾರಿ ಅರ್ಧ ಗಂಟೆ ತಡವಾದರೆ 20,800. ಒಟ್ಟು 2,06,800, ಅಂದರೆ ತಿಂಗಳಿಗೆ ಸುಮಾರು 17,200. ಕಾಕೂ ಅವರ ಪಾಳಣಾಘರ ವರ್ಷಕ್ಕೆ 90,000 ಮಾತ್ರ. ಆದರೆ ಸಂಜೆ ಆರಕ್ಕೆ ಮಗುವನ್ನು ಕರೆತಂದು ಏಳೂವರೆಯವರೆಗೆ ನೋಡಿಕೊಳ್ಳಲು ಒಬ್ಬರು ಬೇಕು. ಅದಕ್ಕೆ ತಿಂಗಳಿಗೆ 3,000 ಎಂದು ಹಿಡಿದರೂ 36,000. ಅವರ ರಜೆಗಳ ಪೈಕಿ ಹತ್ತು ದಿನ ನಿಮ್ಮಲ್ಲೊಬ್ಬರು ಸಂಬಳವಿಲ್ಲದ ರಜೆ ಹಾಕಬೇಕಾಯಿತು ಎನ್ನಿ. ನಿಮ್ಮ ಸಂಬಳವನ್ನು ತಿಂಗಳ 22 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 2,800ರಂತೆ 28,000. ಒಟ್ಟು 1,54,000, ತಿಂಗಳಿಗೆ ಸುಮಾರು 12,800. ನಿಮ್ಮ ಪಟ್ಟಿಯಲ್ಲಿ ಇವೆರಡರ ನಡುವೆ 7,000 ರೂಪಾಯಿ ಅಂತರವಿತ್ತು. ಈಗ ಉಳಿದದ್ದು 4,400.

ಬಾಯಿಗೆ ಬೋನಸ್ ಸೇರಿ ಹದಿಮೂರು ತಿಂಗಳ ಸಂಬಳ 2,21,000, ಊಟ ಚಹಾಕ್ಕೆ ದಿನಕ್ಕೆ 60 ರೂಪಾಯಿಯಂತೆ 300 ದಿನಕ್ಕೆ 18,000, ಹೇಳದೆ ಕೇಳದೆ ತಪ್ಪಿಸುವ ಹತ್ತು ದಿನಗಳಿಗೆ ಅದೇ 28,000. ತಿಂಗಳಿಗೆ 22,000 ದಾಟುತ್ತದೆ. ಎರಡನೆಯ ಮಗು ಬಂದ ಮೇಲೆ ಮಾತ್ರ ಬಾಯಿ ಅಗ್ಗವೆನಿಸುತ್ತಾರೆ, ಏಕೆಂದರೆ ಡೇಕೇರ್ ತಲೆಗೆ ಲೆಕ್ಕ ಹಾಕುತ್ತದೆ, ಅವರು ಮನೆಗೆ ಲೆಕ್ಕ ಹಾಕುತ್ತಾರೆ. ಏಜೆನ್ಸಿಯಿಂದ ಬಂದವರಾದರೂ ಪೊಲೀಸ್ ಪರಿಶೀಲನೆ ಮಾಡಿಸಿಕೊಳ್ಳಿ.

ಇನ್ನೊಂದು ಮಾತು, ಕೇಳದೆ ಹೇಳುತ್ತಿದ್ದೇನೆ. ಈ ಖರ್ಚನ್ನೆಲ್ಲ ನಿಮ್ಮ 62,000ದಿಂದಲೇ ಏಕೆ ಕಳೆಯುತ್ತಿದ್ದೀರಿ? ಮಗು ಇಬ್ಬರದೂ ಅಲ್ಲವೇ? ನನ್ನ ಹೆಂಡತಿಯೂ ಮೊದಲು ಹೀಗೆಯೇ ಲೆಕ್ಕ ಬರೆದಿದ್ದಳು. ನಾನೂ ಸುಮ್ಮನೆ ತಲೆಯಾಡಿಸಿದ್ದೆ ಎಂಬುದು ಈಗ ನಾಚಿಕೆಯ ವಿಷಯ.

ತೆರಿಗೆ ಉಳಿತಾಯವನ್ನು ನಂಬಿ ಕೂರಬೇಡಿ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಸಿಗುವ ವಿನಾಯಿತಿ ಪೂರ್ಣಾವಧಿ ಶಿಕ್ಷಣದ ಬೋಧನಾ ಶುಲ್ಕಕ್ಕೆ, ಮಗುವನ್ನು ನೋಡಿಕೊಳ್ಳುವ ಶುಲ್ಕಕ್ಕಲ್ಲ.

ಉತ್ತರ 3: ಕೋಥರೂಡ್ ಕಾಕೂ

ತಂಗಿ, ನಾನು ಜಮಖಂಡಿಯವಳು. ಹದಿನಾಲ್ಕು ವರ್ಷಗಳಿಂದ ಕೋಥರೂಡ್‌ನ ನಮ್ಮ ಮನೆಯಲ್ಲಿ ಪಾಳಣಾಘರ ನಡೆಸುತ್ತಿದ್ದೇನೆ. ಅಗ್ಗ ಎಂದರೆ ಏನೋ ಕೊರತೆ ಇರಬೇಕು ಎಂದು ಜನ ಅನುಮಾನಿಸುವುದರಿಂದ ನನ್ನ ಲೆಕ್ಕವನ್ನೇ ಬಿಚ್ಚಿಡುತ್ತೇನೆ. ನನ್ನಲ್ಲಿ ಹನ್ನೆರಡು ಮಕ್ಕಳಿದ್ದಾರೆ, ತಲೆಗೆ 7,000 ರೂಪಾಯಿ, ಒಟ್ಟು 84,000. ಇಬ್ಬರು ಸಹಾಯಕಿಯರ ಸಂಬಳ 21,000. ಹಾಲು, ಹಣ್ಣು, ಖಿಚಡಿ, ನಾವು ರಾಗಿ ಎಂದು ಕರೆಯುವ ಇಲ್ಲಿನ ನಾಚಣಿಯ ಸತ್ವಕ್ಕೆ 14,000. ಕರೆಂಟು, ಗ್ಯಾಸ್, ಫಿನಾಯಿಲ್, ನೀರಿನ ಫಿಲ್ಟರ್ ಸೇರಿ 7,500. ಸೊಸೈಟಿಯವರು ಒಪ್ಪಿಗೆ ಕೊಡುವಾಗ ಹಾಕಿದ ಹೆಚ್ಚುವರಿ 3,000. ಉಳಿಯುವುದು 38,500. ಮನೆ ಸ್ವಂತದ್ದು. ಇದೇ ಕೆಲಸವನ್ನು ಮುಖ್ಯರಸ್ತೆಯ ಬಾಡಿಗೆ ಜಾಗದಲ್ಲಿ ಮಾಡಿದರೆ ಈ ಉಳಿಕೆಯೆಲ್ಲ ಬಾಡಿಗೆಗೇ ಹೋಗುತ್ತದೆ. ನೀನು ದೊಡ್ಡ ಡೇಕೇರ್‌ಗೆ ಕೊಡುವ ಹೆಚ್ಚಿನ ಹಣದಲ್ಲಿ ಒಳ್ಳೆಯ ಪಾಲು ಬಾಡಿಗೆ, ಕ್ಯಾಮೆರಾ ಮತ್ತು ಗೋಡೆಯ ಮೇಲಿನ ಚಿತ್ರಗಳದ್ದು. ಮಗುವನ್ನು ಎತ್ತಿಕೊಳ್ಳುವ ಕೈಗಳಿಗೆ ಅದು ಸೇರುತ್ತದೆಯೇ ಎಂದು ಕೇಳಿ ನೋಡು.

ಹೋಗಿ ನೋಡುವಾಗ ಬೆಳಿಗ್ಗೆ ಹೋಗಬೇಡ, ಮಧ್ಯಾಹ್ನ ಒಂದೂವರೆಗೆ ಹೋಗು. ಆ ಹೊತ್ತಿಗೆ ಕೆಲವು ಮಕ್ಕಳು ಊಟ ಮಾಡುತ್ತಿರುತ್ತವೆ, ಕೆಲವು ನಿದ್ದೆಗೆ ಅಳುತ್ತಿರುತ್ತವೆ, ಒಂದೆರಡರ ಡಯಾಪರ್ ಬದಲಿಸಬೇಕಾಗಿರುತ್ತದೆ. ಎಷ್ಟು ಮಕ್ಕಳಿಗೆ ಎಷ್ಟು ಜನ ಇದ್ದಾರೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಡಬ್ಬಿ ಬಾಟಲಿಗಳ ಮೇಲೆ ಮಕ್ಕಳ ಹೆಸರು ಬರೆದಿದೆಯೇ ಎಂದೂ ನೋಡು; ಹೆಸರಿಲ್ಲದ ಬಾಟಲಿ ಯಾರ ಬಾಯಿಗೆ ಹೋಗುತ್ತದೆ ಎಂದು ದೇವರೇ ಬಲ್ಲ.

ಆರು ತಿಂಗಳು ತುಂಬದ ಮಗುವನ್ನು ಮಾತ್ರ ನಾನು ತೆಗೆದುಕೊಳ್ಳುವುದಿಲ್ಲ. ನಿಮ್ಮ ಗಲ್ಲಿಯವರನ್ನು ಈ ವಿಷಯ ಮೊದಲು ಕೇಳಿಕೋ.

ಉತ್ತರ 4: ಮಡಗಾಂವ್ ಮಾವ

ಅತ್ತೆಯವರು ಬಂದರೆ ಖರ್ಚೇ ಇಲ್ಲ ಎಂದಿದ್ದೀರಿ. ನನ್ನ ಹೆಂಡತಿ ಮೊಮ್ಮಗನಿಗಾಗಿ ಮಡಗಾಂವ್‌ನ ಮಗಳ ಮನೆಯಲ್ಲಿ ಎರಡು ವರ್ಷ ಇದ್ದಳು. ನಾನು ಕಾರವಾರದಲ್ಲಿ ಖಾನಾವಳಿಯ ಊಟ ಮಾಡಿಕೊಂಡು, ಸಕ್ಕರೆ ಕಾಯಿಲೆ ಏರಿಸಿಕೊಂಡು, ವಾರಕ್ಕೊಮ್ಮೆ ರೈಲು ಹತ್ತಿ ಬರುತ್ತಿದ್ದೆ. ಅವಳ ಮೊಣಕಾಲು ನೋವಿಗೆ ಆದ ಚಿಕಿತ್ಸೆಯನ್ನು ಯಾರೂ ಮಗುವಿನ ಖರ್ಚಿಗೆ ಬರೆಯಲಿಲ್ಲ. ಈಗ ನಾನೂ ಇಲ್ಲಿಗೇ ಬಂದು ನೆಲೆಸಿದ್ದೇನೆ. ಪ್ರೀತಿಯಿಂದಲೇ ಮಾಡಿದೆವು, ದೂರಲ್ಲ. ಆದರೂ ಅವರನ್ನು ಕರೆಯುವುದಾದರೆ ಎಷ್ಟು ತಿಂಗಳು ಎಂದು ಮೊದಲೇ ಹೇಳಿ, ಮೇಲಿನ ಕೆಲಸಕ್ಕೆ ಒಬ್ಬ ಬಾಯಿಯನ್ನು ಇಡಿ. ಆ ಬಾಯಿಯ ಸಂಬಳವೇ ಅಜ್ಜಿಯ ಖರ್ಚು.

ಉತ್ತರ 5: ಪಿಂಪಳೆ ಸೌದಾಗರದಿಂದ

ಮೇಲೆ ಯಾರೂ ಹೇಳದ ಒಂದು ವಿಷಯ. 2017ರ ತಿದ್ದುಪಡಿಯಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಸೇರಿ, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿರುವ ನಿಯಮದ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯು ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು; ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಲು ಅವಕಾಶವಿರಬೇಕು. ಕೆಲಸದ ಸ್ವರೂಪ ಒಪ್ಪುವುದಾದರೆ ರಜೆಯ ನಂತರ ಸ್ವಲ್ಪ ಕಾಲ ಮನೆಯಿಂದಲೇ ಕೆಲಸ ಮಾಡುವ ಬಗ್ಗೆ ಪರಸ್ಪರ ಒಪ್ಪಂದಕ್ಕೂ ಅದೇ ಕಾನೂನಿನಲ್ಲಿ ಜಾಗವಿದೆ. ಹಿಂಜವಡಿಯ ನಿಮ್ಮ ಕಂಪನಿ ಖಂಡಿತ ಐವತ್ತು ಜನರದ್ದಲ್ಲ. ಎಚ್‌ಆರ್‌ಗೆ ಬಾಯಿಮಾತಿನಲ್ಲಿ ಕೇಳಬೇಡಿ, ಇಮೇಲ್ ಕಳುಹಿಸಿ.

ವಾಕಡ್ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಎಚ್‌ಆರ್‌ಗೆ ಇಮೇಲ್ ಕಳುಹಿಸಿದೆ. ಕಂಪನಿಗೆ ಒಂದು ಡೇಕೇರ್ ಜೊತೆ ಒಪ್ಪಂದವಿದೆಯಂತೆ; ಶುಲ್ಕದ ಅರ್ಧ ಭಾಗ ಅವರೇ ಕೊಡುತ್ತಾರೆ, ಆದರೆ ಆರು ತಿಂಗಳು ತುಂಬಿದ ಮೇಲೆ, ಅದೂ ಜಾಗ ಖಾಲಿಯಾದರೆ. ನಾಲ್ಕು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದರೂ ಇದನ್ನು ಯಾರೂ ಹೇಳಿರಲಿಲ್ಲ.

ಅತ್ತೆಯವರನ್ನು ಎರಡೇ ತಿಂಗಳಿಗೆ ಎಂದು ತಿಳಿಸಿಯೇ ಕರೆದಿದ್ದೇವೆ. ಮಾವನವರೂ ಜೊತೆಗೆ ಬರುತ್ತಾರೆ. ಪಾತ್ರೆ, ಕಸ, ಅಡುಗೆಗೆ ಕೆಲಸದ ಮಾವಶಿಯೊಬ್ಬರನ್ನು ಗೊತ್ತುಮಾಡಿದೆ. ಯಜಮಾನರು ಖರ್ಚಿನ ಹಾಳೆಯನ್ನು ಹೊಸದಾಗಿ ಬರೆದಿದ್ದಾರೆ, ಈ ಸಲ ಮೇಲೆ ಎರಡು ಸಂಬಳಗಳಿವೆ.

ನಿನ್ನೆ ಮಧ್ಯಾಹ್ನ ಒಂದೂವರೆಗೆ ಹಿಂದಿನ ಗಲ್ಲಿಯ ಪಾಳಣಾಘರಕ್ಕೆ ಹೋಗಿದ್ದೆ. ಎಂಟು ಮಕ್ಕಳು, ಮೂವರು ಹೆಂಗಸರು, ಬಾಟಲಿಗಳ ಮೇಲೆ ಮಾರ್ಕರ್‌ನಲ್ಲಿ ಬರೆದ ಹೆಸರುಗಳು. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಅವರು ವರ್ಷದ ರಜೆಗಳಿಗೆಲ್ಲ ಕೆಂಪು ಶಾಯಿಯ ಸುತ್ತು ಹಾಕಿದ್ದಾರೆ. ಅನುಮತಿ ಕೇಳಿ ಪುಟ ತಿರುಗಿಸಿ ಎಣಿಸಿದೆ, ಹತ್ತೊಂಬತ್ತು. ಕೋಥರೂಡ್ ಕಾಕೂ ಅವರೇ, ನಿಮ್ಮಲ್ಲಿ ಎಷ್ಟಿರುತ್ತವೆ?